ಬೆನ್ನು ಬಿಡದ ದೋಟಿ

ಮೊಬೈಲಿನಲ್ಲಿ ಒಮ್ಮೆ ‘ಕಾರ್ಬನ್ ಫೈಬರ್ ದೋಟಿ’ ಎಂದು ಹುಡುಕಿ, ಮಾರುವವರ ಒಂದೆರಡು ಪುಟ ತೆರೆದು ಬೆಲೆ ನೋಡಿ, ಸುಮ್ಮನಾಗಿ. ಕೊಪ್ಪ ತಾಲ್ಲೂಕಿನ ಕಮ್ಮರಡಿಯಂಥ ಊರುಗಳಲ್ಲಿ ಮರ ಹತ್ತಿ ಅಡಿಕೆ ಕೊನೆ ತೆಗೆಯುವವರು ಸಿಗುವುದೇ ಕಷ್ಟವಾದ ಮೇಲೆ, ನೆಲದಲ್ಲೇ ನಿಂತು ಕೊನೆ ಕೊಯ್ಯುವ ಈ ಉದ್ದನೆಯ ಕೋಲಿನ ಹುಡುಕಾಟ ಮಾಮೂಲಿ. ಬೆಲೆ ಕಂಡು ಎದೆ ಝಲ್ಲೆಂದು, ‘ಮುಂದಿನ ವರ್ಷ ನೋಡುವ’ ಎಂದು ನೀವು ಮರೆತಿರುತ್ತೀರಿ. ದೋಟಿ ನಿಮ್ಮನ್ನು ಮರೆತಿರುವುದಿಲ್ಲ. ಮರುದಿನ ಸುದ್ದಿ ತಾಣದಲ್ಲಿ ಅಡಿಕೆ ಧಾರಣೆ ನೋಡಲು ಹೋದರೆ ರಾಶಿ, ಬೆಟ್ಟೆಗಳ ದರದ ಪಕ್ಕದಲ್ಲೇ ದೋಟಿ. ಮಗಳು ಅದೇ ಫೋನಿನಲ್ಲಿ ಪಿಯುಸಿ ಪ್ರಶ್ನೆಪತ್ರಿಕೆ ಹುಡುಕಿದರೆ ಅಲ್ಲೂ ದೋಟಿ. ‘ಫೋನು ನಾವು ಆಡುವ ಮಾತನ್ನೆಲ್ಲ ಕದ್ದು ಕೇಳುತ್ತದೆ ಮಾರಾಯ್ರೇ’ ಎಂಬ ತೀರ್ಮಾನಕ್ಕೆ ಜನ ಬಂದುಬಿಡುತ್ತಾರೆ. ಇಷ್ಟು ಕೆಲಸಕ್ಕೆ ಕದ್ದು ಕೇಳಬೇಕಾಗಿಯೇ ಇಲ್ಲ. ಒಂದು ಸಾಲಿನಷ್ಟು ಉದ್ದದ ಬರಹ ಸಾಕು. ಅದೇ ಕುಕಿ.

ಜಾಲತಾಣಗಳು ಹುಟ್ಟು ಮರೆಗುಳಿಗಳು. ನಿಮ್ಮ ಬ್ರೌಸರು ಒಂದು ಪುಟ ಕೇಳುತ್ತದೆ, ಸರ್ವರ್ ಕಳಿಸುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಮರುಕ್ಷಣ ಇನ್ನೊಂದು ಪುಟ ಕೇಳಿದಾಗ ಕೇಳುತ್ತಿರುವವರು ಅದೇ ಮನುಷ್ಯ ಎಂಬುದು ಸರ್ವರಿಗೆ ಗೊತ್ತಿರುವುದಿಲ್ಲ. ವೆಬ್ಬಿನ ಮೂಲ ನಿಯಮವಾದ ಎಚ್‌ಟಿಟಿಪಿಯನ್ನು ರೂಪಿಸಿದ್ದೇ ಹಾಗೆ. ಬರೀ ಓದುವುದಕ್ಕೆ ಇದು ಸಾಕು. ಆದರೆ ಕೊಪ್ಪದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಸೀಟು ಕಾಯ್ದಿರಿಸಬೇಕು ಎನ್ನಿ. ಊರು, ದಿನಾಂಕ ಆರಿಸುವುದು ಒಂದು ಪುಟ, ಸೀಟು ಆರಿಸುವುದು ಇನ್ನೊಂದು, ಹಣ ಕಟ್ಟುವುದು ಮತ್ತೊಂದು. ಪ್ರತಿ ಪುಟದಲ್ಲೂ ತಾಣ ‘ಯಾರಪ್ಪಾ ನೀನು?’ ಎಂದು ಹೊಸದಾಗಿ ಕೇಳಿದರೆ ಟಿಕೆಟ್ ಆದ ಹಾಗೆಯೇ.

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮಾಂಟುಲಿ ಅವರ ಮುಂದಿದ್ದದ್ದು ಇದೇ ತೊಡಕು. ಗ್ರಾಹಕರು ಅರ್ಧಕ್ಕೆ ಬಿಟ್ಟ ಖರೀದಿಯ ಲೆಕ್ಕವನ್ನೆಲ್ಲ ತನ್ನ ಕಂಪ್ಯೂಟರಿನಲ್ಲಿ ತುಂಬಿಟ್ಟುಕೊಳ್ಳಲು ಕಂಪನಿಯೊಂದು ಒಪ್ಪಲಿಲ್ಲ. ಹಾಗಾದರೆ ನೆನಪನ್ನು ಗ್ರಾಹಕರ ಬಳಿಯೇ ಇಟ್ಟರಾಯಿತು ಎಂದು ಮಾಂಟುಲಿ ಉಪಾಯ ಹೂಡಿದರು. ಆ ವರ್ಷದ ಅಕ್ಟೋಬರಿನಲ್ಲಿ ಹೊರಬಂದ ನೆಟ್‌ಸ್ಕೇಪ್ ಬ್ರೌಸರಿನ ಪ್ರಾಯೋಗಿಕ ಆವೃತ್ತಿಯಲ್ಲೇ ಕುಕಿ ಇತ್ತು.

ದೇವಸ್ಥಾನದ ಎದುರು ಚಪ್ಪಲಿ ಕಾಯುವವರು ಕೊಡುವ ಬಿಲ್ಲೆಯನ್ನು ನೆನೆದರೆ ಇದರ ಕೆಲಸ ಅರ್ಥವಾಗುತ್ತದೆ. ಬಿಲ್ಲೆಯ ಮೇಲೆ ನಿಮ್ಮ ಹೆಸರಿಲ್ಲ, ಚಪ್ಪಲಿಯ ಬಣ್ಣವೂ ಇಲ್ಲ. ಒಂದು ಸಂಖ್ಯೆ ಮಾತ್ರ. ಆದರೆ ಅದನ್ನು ತೋರಿಸಿದರೆ ಅವರು ನಿಮ್ಮ ಜೋಡನ್ನೇ ತೆಗೆದುಕೊಡುತ್ತಾರೆ. ಹಾಗೆಯೇ ಸರ್ವರ್ ಮೊದಲ ಸಲ ಪುಟದ ಜೊತೆಗೆ ಒಂದು ಗುರುತು ಸಂಖ್ಯೆಯನ್ನೂ ಕಳಿಸುತ್ತದೆ. ಬ್ರೌಸರು ಅದನ್ನು ಎತ್ತಿಟ್ಟುಕೊಂಡು, ಆ ತಾಣಕ್ಕೆ ಹೋದಾಗಲೆಲ್ಲ ನೀವು ಹೇಳದೆಯೇ ತೋರಿಸುತ್ತದೆ. ಮಳೆಗಾಲದ ಸಂಜೆ ಕರೆಂಟು ಹೋಗಿ, ಟವರೂ ಸತ್ತು, ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್ ಮರಳಿದಾಗ ನೀವು ಹೊಸದಾಗಿ ಲಾಗಿನ್ ಆಗಬೇಕಾಗದಿದ್ದರೆ ಅದು ಕುಕಿಯ ಉಪಕಾರ. ಮಲೆನಾಡಿನವರು ಇದಕ್ಕೆ ಸ್ವಲ್ಪ ಹೆಚ್ಚೇ ಋಣಿಗಳಾಗಿರಬೇಕು.

ಕುಕಿ ಒಂದು ತಂತ್ರಾಂಶವಲ್ಲ, ವೈರಸ್ಸೂ ಅಲ್ಲ. ಸಾಮಾನ್ಯವಾಗಿ 4,096 ಬೈಟ್ ಮೀರದ ಪಠ್ಯ, ಅಷ್ಟೆ. ಅದರಲ್ಲಿ ಒಂದು ಹೆಸರು, ಒಂದು ಮೌಲ್ಯ, ಯಾವ ತಾಣಕ್ಕೆ ಸೇರಿದ್ದು, ಎಂದಿನವರೆಗೆ ಬಾಳಬೇಕು ಎಂಬ ವಿವರ ಇರುತ್ತದೆ. ಕೆಲವು ಬ್ರೌಸರ್ ಮುಚ್ಚಿದೊಡನೆ ಅಳಿಯುತ್ತವೆ, ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ. ಗೂಗಲ್‌ನ ಕ್ರೋಮ್ ಬ್ರೌಸರ್ 2022ರಿಂದ ಈ ಆಯುಷ್ಯಕ್ಕೆ 400 ದಿನಗಳ ಮಿತಿ ಹಾಕಿದೆ. ಒಂದು ತಾಣದ ಕುಕಿಯನ್ನು ಇನ್ನೊಂದು ತಾಣ ಓದಲಾಗದು. ಆದರೆ ಲಾಗಿನ್ ಆಗಿರುವಾಗಿನ ಕುಕಿ ಮಾತ್ರ ಕೀಲಿಕೈಯಷ್ಟೇ ಬೆಲೆಯದು. ಅದು ಕಳ್ಳರ ಕೈಗೆ ಸಿಕ್ಕರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ನೇರ ಒಳಗೆ ಬಂದಂತೆ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಇ-ಮೇಲ್ ನೋಡಿದವರು ಕಿಟಕಿ ಮುಚ್ಚಿ ಎದ್ದು ಬರಬಾರದು. ಲಾಗ್‌ಔಟ್ ಒತ್ತಿಯೇ ಏಳಬೇಕು.

ಇನ್ನು ದೋಟಿಯ ಕತೆ. ಧಾರಣೆಯ ಪುಟ ಒಂದೇ ಕಡೆಯಿಂದ ಬರುವುದಿಲ್ಲ. ಸುದ್ದಿ ಬರುವುದು ಸುದ್ದಿ ತಾಣದಿಂದ. ಪಕ್ಕದ ಜಾಹೀರಾತಿನ ಚೌಕಕ್ಕೆ ಬ್ರೌಸರು ಜಾಹೀರಾತು ಕಂಪನಿಯ ಸರ್ವರನ್ನು ಬೇರೆಯಾಗಿ ಕೇಳುತ್ತದೆ. ಕೇಳಿದ ಮೇಲೆ ಆ ಸರ್ವರೂ ತನ್ನದೊಂದು ಕುಕಿಯನ್ನು ಇಡಬಹುದಲ್ಲ? ಇಡುತ್ತದೆ. ಇದು ಮೂರನೆಯವರ ಕುಕಿ. ನೀವು ಅವರ ಮನೆಗೆ ಹೋಗಿಲ್ಲ, ಅವರೇ ನೀವು ಹೋದಲ್ಲೆಲ್ಲ ಬಂದು ಕೂತಿದ್ದಾರೆ. ದೋಟಿಯ ಪುಟದಲ್ಲೂ ಅದೇ ಕಂಪನಿ, ಧಾರಣೆಯ ಪುಟದಲ್ಲೂ ಅದೇ ಕಂಪನಿ, ಪ್ರಶ್ನೆಪತ್ರಿಕೆಯ ಪುಟದಲ್ಲೂ ಅದೇ. ಪ್ರತಿ ಸಲವೂ ನಿಮ್ಮ ಬ್ರೌಸರು ಅದೇ ಸಂಖ್ಯೆಯನ್ನು ತೋರಿಸುತ್ತದೆ. ಯಾವ ಪುಟದಿಂದ ಕೇಳುತ್ತಿದ್ದೇನೆ ಎಂಬುದನ್ನೂ, ಕಡೇಪಕ್ಷ ತಾಣದ ಹೆಸರನ್ನಾದರೂ ಹೇಳುತ್ತದೆ. ಹೆಸರು ಗೊತ್ತಿಲ್ಲದಿದ್ದರೂ ಈ ಸಂಖ್ಯೆಯವರು ಅಡಿಕೆ ಬೆಳೆಗಾರರು, ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದಾರೆ, ಎಲೆಚುಕ್ಕಿ ರೋಗಕ್ಕೆ ಔಷಧಿ ಹುಡುಕುತ್ತಿದ್ದಾರೆ ಎಂದು ಲೆಕ್ಕ ಹಾಕುವುದು ಕಷ್ಟವಲ್ಲ. ಅಡಿಕೆಯ ಬದಲು ಕಾಯಿಲೆ, ಸಾಲ, ಮದುವೆ ಮುರಿದ ವಿಚಾರ ಎಂದಿಟ್ಟುಕೊಳ್ಳಿ. ಆಗ ನಗು ಬರುವುದಿಲ್ಲ.

ಮಾಂಟುಲಿ ಮೊದಲು ಮಾಡಿದ್ದು ಒಂದು ತಾಣ ತನ್ನ ಗ್ರಾಹಕರನ್ನು ತಾನೇ ಗುರುತಿಸಲಿ ಎಂದು. ಊರೂರು ಹಿಂಬಾಲಿಸುವ ಕೆಲಸಕ್ಕೆ ಅದನ್ನು ಬಳಸಿದ್ದು ಜಾಹೀರಾತಿನವರು. ಆ್ಯಪಲ್‌ನ ಸಫಾರಿ 2020ರಲ್ಲಿ ಮೂರನೆಯವರ ಕುಕಿಯನ್ನು ಪೂರ್ತಿ ತಡೆಯಿತು. ಕಂಪ್ಯೂಟರಿನ ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕಿಗಳನ್ನೂ ಬೇರೆಬೇರೆಯಾಗಿಯೇ ಇಡುತ್ತದೆ. ಗೂಗಲ್ ಕೂಡ 2020ರ ಜನವರಿಯಲ್ಲಿ ‘ಎರಡು ವರ್ಷದೊಳಗೆ ತೆಗೆಯುತ್ತೇವೆ’ ಎಂದಿತ್ತು. ಮುಂದೂಡುತ್ತ ಬಂದು 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಜಾಹೀರಾತಿನಲ್ಲೇ ಬದುಕಿರುವ ಕಂಪನಿಯಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಿದ್ದು ನಮ್ಮ ಅತಿಯಾಸೆ.

ಹಾಗಾಗಿ ಕ್ರೋಮ್ ಬಳಸುವವರು ತಾವೇ ತಡೆಯಬೇಕು. ಮೂಲೆಯ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ‘ಸೈಟ್ ಸೆಟ್ಟಿಂಗ್ಸ್’ ಒಳಗೆ ‘ಥರ್ಡ್ ಪಾರ್ಟಿ ಕುಕೀಸ್’ ಎಂಬುದನ್ನು ಬ್ಲಾಕ್ ಮಾಡಿ. ಇದರಿಂದ ಬಸ್ ಟಿಕೆಟ್ಟಿಗೂ ಇ-ಮೇಲಿಗೂ ಸಾಮಾನ್ಯವಾಗಿ ತೊಂದರೆಯಿಲ್ಲ. ಯಾವುದಾದರೂ ತಾಣ ತಕರಾರು ತೆಗೆದರೆ ಅದೊಂದಕ್ಕೆ ಮಾತ್ರ ಅನುಮತಿ ಕೊಡಬಹುದು. ಹಳೆಯ ಕುಕಿಗಳನ್ನೆಲ್ಲ ಅಳಿಸಲು ‘ಡಿಲೀಟ್ ಬ್ರೌಸಿಂಗ್ ಡೇಟಾ’ ಇದೆ. ಅಳಿಸಿದರೆ ಬಹುತೇಕ ತಾಣಗಳಿಂದ ಹೊರಬೀಳುತ್ತೀರಿ, ಪಾಸ್‌ವರ್ಡ್ ನೆನಪಿದೆಯೇ ಎಂದು ಮೊದಲು ನೋಡಿಕೊಳ್ಳಿ. ಇನ್‌ಕಾಗ್ನಿಟೊ ಕಿಟಕಿಯನ್ನು ಮುಚ್ಚಿದಾಗ ಅದರ ಕುಕಿಗಳು ಹೋಗುತ್ತವೆ, ಆದರೆ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಮೊಬೈಲ್ ಕಂಪನಿಯಿಂದ ಮರೆಯಾಗುವುದಿಲ್ಲ. ಗೂಗಲ್ ಖಾತೆಯಲ್ಲಿ ಲಾಗಿನ್ ಆಗಿಯೇ ಹುಡುಕಿದ್ದು ಖಾತೆಯಲ್ಲೇ ದಾಖಲಾಗಬಹುದು, ಅದಕ್ಕೆ ಮೂರನೆಯವರ ಕುಕಿಯ ಹಂಗಿಲ್ಲ. ಆ್ಯಪ್‌ಗಳ ಲೋಕದಲ್ಲಿ ಕುಕಿಯ ಕೆಲಸವನ್ನು ಜಾಹೀರಾತು ಐಡಿ ಮಾಡುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ವಿಭಾಗದ ‘ಆ್ಯಡ್ಸ್’ ತೆರೆದು ಅದನ್ನೂ ಅಳಿಸಬಹುದು.

ಪುಟ ತೆರೆದೊಡನೆ ಅಡ್ಡ ಬರುವ ‘ಆಕ್ಸೆಪ್ಟ್ ಆಲ್’ ಫಲಕ ಯುರೋಪಿನ ಕಾನೂನಿನ ಕೂಸು. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು ಯುರೋಪಿನ ನ್ಯಾಯಾಲಯ 2019ರಲ್ಲಿ ಹೇಳಿತು. ಒಪ್ಪಲು ಒಂದೇ ಒತ್ತು, ನಿರಾಕರಿಸಲು ಹತ್ತಾರು ಸುತ್ತು ಎಂಬಂತೆ ಮಾಡಿದ್ದಕ್ಕೆ ಫ್ರಾನ್ಸ್ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಹಾಕಿತು.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣ ಯಾರ ಹೆಸರಿನಲ್ಲಿದೆಯೋ ಆ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ಕುಕಿ ಎಂಬ ಪದವಿಲ್ಲ, ಆದರೆ ವ್ಯಕ್ತಿಯನ್ನು ಗುರುತಿಸಬಲ್ಲ ಯಾವುದೇ ಮಾಹಿತಿ ಅದರ ವ್ಯಾಪ್ತಿಗೆ ಬರುತ್ತದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು. 18 ತುಂಬದ ಮಕ್ಕಳನ್ನು ಹಿಂಬಾಲಿಸಿ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು; ಕನ್ನಡ ಆ ಪಟ್ಟಿಯಲ್ಲಿದೆ. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು, ಮುಖ್ಯ ಹೊಣೆಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಗಡುವು ಇದೆ.

ಅಂದರೆ 2027ರ ಮೇ. ಅಲ್ಲಿಯವರೆಗೆ ‘ರಿಜೆಕ್ಟ್’ ಗುಂಡಿ ಎಲ್ಲಿ ಅಡಗಿದೆ ಎಂದು ಹುಡುಕಿ ಒತ್ತಿ. ಆಮೇಲೆ ಯಾವ ತಾಣವಾದರೂ ಇಂಗ್ಲಿಷಿನಲ್ಲಷ್ಟೇ ಒಪ್ಪಿಗೆ ಕೇಳಿದರೆ, ಕನ್ನಡದಲ್ಲಿ ಕೊಡಿ ಎಂದು ಬರೆದು ಕೇಳಿ.