ಹೋಮ್ ನರ್ಸ್ ನೇಮಿಸುವ ಮುನ್ನ

ತಂದೆ-ತಾಯಿಯ ಹಕ್ಕುಗಳ ಕುರಿತ ಖುತ್ಬಾ ಕೇಳಿ ನಾವು ಮನೆಗೆ ಮರಳುತ್ತೇವೆ. ಮನೆಯಲ್ಲಿ ಪಾರ್ಶ್ವವಾಯು ಬಡಿದ ಅಮ್ಮಿ ಮಲಗಿದ್ದಾರೆ. ಮಗ ಕಲಾಸಿಪಾಳ್ಯದ ಅಂಗಡಿಗೆ, ಸೊಸೆ ಶಾಲೆಯ ಕೆಲಸಕ್ಕೆ ಹೋಗಲೇಬೇಕು. ವಿಕ್ಟೋರಿಯಾ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಚಾಮರಾಜಪೇಟೆಗೆ ಮರಳುವ ಎಷ್ಟೋ ರೋಗಿಗಳ ಮನೆಯ ಸ್ಥಿತಿ ಇದೇ. ಏಜೆನ್ಸಿಯಿಂದ ಹೋಮ್ ನರ್ಸ್ ಕರೆಸಿದರೆ ಮಕ್ಕಳು ಕರ್ತವ್ಯದಿಂದ ತಪ್ಪಿಸಿಕೊಂಡಂತೆಯೇ? ಅಲ್ಲ. ಆದರೆ ಯಾರ ಕೈಗೆ ಒಪ್ಪಿಸುತ್ತಿದ್ದೇವೆ ಎಂದು ವಿಚಾರಿಸದಿರುವುದು ತಪ್ಪು.

ಸೂರಃ ಅಲ್ ಕಸಸ್‌ನಲ್ಲಿ ಮದ್ಯನ್‌ನ ಯುವತಿಯು ಮೂಸಾ(ಅ)ರನ್ನು ಕೆಲಸಕ್ಕಿಟ್ಟುಕೊಳ್ಳಲು ತಂದೆಗೆ ಸಲಹೆ ನೀಡುವಾಗ ಎರಡು ಗುಣಗಳನ್ನು ಹೇಳುತ್ತಾಳೆ: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಏಜೆನ್ಸಿಯನ್ನೂ ಇವೆರಡರಿಂದಲೇ ಅಳೆಯೋಣ.

ಮೊದಲು ಸಾಮರ್ಥ್ಯ. ಹೋಮ್ ನರ್ಸ್ ಎಂದು ಬರುವವರೆಲ್ಲ ನರ್ಸ್ ಅಲ್ಲ. ಇಂಜೆಕ್ಷನ್, ಕೆಥೆಟರ್, ಮೂಗಿನ ನಳಿಕೆಯ ಕೆಲಸವಿದ್ದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪತ್ರ ಕೇಳಬೇಕು. ಸ್ನಾನ, ಊಟ, ಡಯಾಪರ್ ಮಾತ್ರವಾದರೆ ತರಬೇತಿ ಪಡೆದ ಅಟೆಂಡರ್ ಸಾಕು. ಹಾಸಿಗೆ ಹುಣ್ಣು ಆಗದಂತೆ ಏನು ಮಾಡುತ್ತೀರೆಂದು ಬರುವವರನ್ನೇ ಕೇಳಿ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಮಾತೇ ಬಾರದಿದ್ದರೆ ಬೇರೆಯವರನ್ನು ನೋಡಿ. ಅವರು ರಜೆ ಹಾಕಿದ ದಿನ ಯಾರು ಬರುತ್ತಾರೆ ಎಂಬುದನ್ನೂ ವಿಚಾರಿಸಿ.

ಇನ್ನು ಪ್ರಾಮಾಣಿಕತೆ. ಏಜೆನ್ಸಿಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಕಳಿಸುವವರ ಗುರುತಿನ ಚೀಟಿ, ಪೊಲೀಸ್ ಪರಿಶೀಲನೆಯ ಪತ್ರ ನೋಡಿ. ಹಿಂದೆ ಸೇವೆ ಪಡೆದ ಒಂದೆರಡು ಕುಟುಂಬಗಳೊಂದಿಗೆ ಮಾತಾಡಿ. ಕೆಲಸದ ಗಂಟೆ, ಶುಲ್ಕ, ರಜೆ, ಮುಂಗಡ ವಾಪಸಾತಿ ಎಲ್ಲವೂ ಬರಹದಲ್ಲಿರಲಿ. ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್ ಬಕರಃದ 282ನೇ ಸೂಕ್ತವೇ ಸಾಲದ ವ್ಯವಹಾರವನ್ನು ಬರೆದಿಡಲು ಆದೇಶಿಸುತ್ತದೆ. ಪರಿಚಯದವರ ಏಜೆನ್ಸಿ ಎಂದು ಸಂಕೋಚಪಡುವುದು ಬೇಡ.

ನಮ್ಮ ಮನೆಗಳ ಅಗತ್ಯಗಳನ್ನೂ ಮೊದಲೇ ತಿಳಿಸಬೇಕು. ಮಹಿಳೆಗೆ ಮಹಿಳೆಯೇ ಬೇಕು. ವುಝೂ ಅಥವಾ ತಯಮ್ಮುಮ್‌ಗೆ ನೆರವಾಗಬೇಕು. ದಖನಿ ಮಾತ್ರ ಬಲ್ಲ ಅಮ್ಮಿ ನೋವಾದಾಗ ಹೇಳುವುದು ಅರ್ಥವಾಗಬೇಕು. ಬರುವವರು ಯಾವ ಧರ್ಮದವರಾದರೂ ಸರಿ, ಇವನ್ನು ಗೌರವಿಸಿದರೆ ಸಾಕು.

ಅವರ ಹಕ್ಕನ್ನು ನಾವೂ ಮರೆಯಬಾರದು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬುದು ಪ್ರವಾದಿ(ಸ)ರ ಬೋಧನೆ. ನಾವು ಕೊಡುವ ಹಣದಲ್ಲಿ ಅವರ ಕೈಗೆ ಎಷ್ಟು ಸೇರುತ್ತದೆಂದು ಏಜೆನ್ಸಿಯನ್ನು ಕೇಳೋಣ. 24 ಗಂಟೆ ಮನೆಯಲ್ಲಿರುವವರಿಗೂ ನಿದ್ದೆ, ಹೊಟ್ಟೆ ತುಂಬ ಊಟ, ಮಲಗಲು ಜಾಗ ಬೇಕು.

ಮೊದಲ ವಾರ ಮನೆಯವರೊಬ್ಬರು ಜೊತೆಗಿರಲಿ. ನಂತರವೂ ಹೇಳದೆ ಮನೆಗೆ ಬಂದು ನೋಡಿ. ಅಮ್ಮಿಯ ಬೆನ್ನು, ಹಿಮ್ಮಡಿ ಗಮನಿಸಿ. ಅವರೊಬ್ಬರೇ ಇರುವಾಗ ಹೇಗಿದೆಯೆಂದು ಕೇಳಿ. ಹಿಂಸೆಯ ಸಂಶಯವಿದ್ದರೆ ಬೆಂಗಳೂರಿನ ಹಿರಿಯರ ಸಹಾಯವಾಣಿ 1090ಕ್ಕೆ, ಹಣದ ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಕರುಣಾಶ್ರಯವು ನಗರದಲ್ಲಿ ಉಚಿತವಾಗಿ ಮನೆ ಆರೈಕೆ ನೀಡುತ್ತದೆ.

ಕೆಲಸವನ್ನು ಒಪ್ಪಿಸಬಹುದು, ಹೊಣೆ ಮಾತ್ರ ನಮ್ಮದೇ. ಇಶಾ ನಮಾಝ್ ಮುಗಿಸಿ ಬಂದ ಮೇಲೆ ರಾತ್ರಿಯ ಗಂಜಿಯನ್ನಾದರೂ ನಮ್ಮ ಕೈಯಾರೆ ಕುಡಿಸೋಣ. ಹೆತ್ತವರ ಸೇವೆಯ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ, ಆಮೀನ್.