ಜಿಟಿಜಿಟಿ ಮಳೆಗಾಲದಲ್ಲಿ ಹಿತ್ತಲ ಕೋಳಿ ಹಾಗೂ ಮರಿಗಳ ಪಾಲನೆ

ಧಾರವಾಡ ಸೀಮೆಯ ಮಳೆಯನ್ನು ಕಂಡರೆ ಕರಾವಳಿಯ ರೈತರು ನಕ್ಕಾರು. ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುವಷ್ಟು ಮಳೆ ನಮ್ಮಲ್ಲಿ ವರ್ಷವಿಡೀ ಬೀಳುವುದಿಲ್ಲ. ಆದರೆ ಕೋಳಿ ಸಾಕುವವರು ಮಳೆಯನ್ನು ಅಳೆಯುವ ರೀತಿಯೇ ಬೇರೆ. ಎಷ್ಟು ಮಿಲಿಮೀಟರು ಬಿತ್ತು ಎಂಬುದಕ್ಕಿಂತ ಎಷ್ಟು ದಿನ ಬಿಸಿಲು ಕಾಣಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಮೃಗಶಿರ ಮಳೆ ಹಿಡಿದು ಆಶ್ಲೇಷದವರೆಗೆ ಧಾರವಾಡ, ಕಲಘಟಗಿ, ಅಳ್ನಾವರದ ಕಡೆ ಬೀಳುವ ಜಿಟಿಜಿಟಿ ಮಳೆ ದೊಡ್ಡದಲ್ಲ, ಆದರೆ ವಾರಗಟ್ಟಲೆ ನೆಲ ಆರಗೊಡುವುದಿಲ್ಲ. ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಹೋದರೆ ಮಳೆ ಕಡಿಮೆ ನಿಜ, ಆದರೆ ಎರೆಮಣ್ಣು ಕುಡಿದ ನೀರನ್ನು ಬಿಟ್ಟುಕೊಡದು. ಎರಡೂ ಕಡೆ ಕೋಳಿಯ ಕಾಲ ಕೆಳಗೆ ಇರುವುದು ಕೆಸರೇ.

ಈ ಲೇಖಕನು ಓದಿದ್ದು ಬೇಸಾಯಶಾಸ್ತ್ರ, ಕೋಳಿಶಾಸ್ತ್ರವಲ್ಲ. ಆದರೂ ಬರೆಯಲು ಕಾರಣವಿದೆ. 2019ರ ಮಳೆಗಾಲದಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ಮೂರು ವಾರದ 40 ಮರಿಗಳಿದ್ದವು. ಆ ವರ್ಷ ನಾಗರಪಂಚಮಿಯ ಹೊತ್ತಿಗೆ ಸುರಿದ ಮಳೆಯನ್ನು ಓದುಗರು ಮರೆತಿರಲಾರರು. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಹೊಲಗಳಿಗೆ ನುಗ್ಗಿದ್ದು ಆಗಲೇ. ಮರಿಗಳಿಗೆ ಚಳಿಯಾದೀತೆಂದು ನಾನು ಗೂಡಿನ ನಾಲ್ಕೂ ಬದಿಗೆ, ಮೇಲಿನಿಂದ ಕೆಳಗಿನವರೆಗೆ, ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಗಿಯಾಗಿ ಕಟ್ಟಿದೆ. ಒಂದು ಹನಿಯೂ ಒಳಗೆ ಬರಲಿಲ್ಲ. ಐದನೆಯ ದಿನ ಮರಿಗಳು ರೆಕ್ಕೆ ಜೋಲಿಸಿ ನಿಂತವು, ಹಿಕ್ಕೆಯಲ್ಲಿ ರಕ್ತ ಕಂಡಿತು. ಒಂದು ವಾರದೊಳಗೆ 23 ಮರಿಗಳನ್ನು ಹೂಳಬೇಕಾಯಿತು. ಜವಾರಿ ಕೋಳಿ ಸಾಕಿಯೇ ನಮ್ಮ ಶಾಲೆಯ ಖರ್ಚು ತೂಗಿಸಿದ್ದ ನಮ್ಮವ್ವ ಗೂಡಿನೊಳಗೆ ತಲೆ ಹಾಕಿ ಹೊರಬಂದು, "ಮರಿಗೆ ಥಂಡಿ ಆಗ್ತದಂತ ಹಾಳಿ ಹೊಚ್ಚೀದೆಲ್ಲಾ, ನೀ ಒಂದು ರಾತ್ರಿ ಅದರಾಗ ಮಕ್ಕೊಂಡು ನೋಡು" ಎಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ದುಃಖಕ್ಕಲ್ಲ, ಅಮೋನಿಯದ ಘಾಟಿಗೆ.

ರಕ್ತಭೇದಿ ಬರುವುದು ಹೇಗೆ?

ಮಳೆಗಾಲದಲ್ಲಿ ಮರಿಗಳನ್ನು ಕೊಲ್ಲುವುದು ಬಹಳಷ್ಟು ಸಲ ಮಳೆಯಲ್ಲ, ಚಳಿಯೂ ಅಲ್ಲ, ಹಾಸಿನ ತೇವ. ರಕ್ತಭೇದಿಯನ್ನು ಉಂಟುಮಾಡುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿ ಕೋಳಿಯ ಕರುಳಿನಲ್ಲಿ ಬೆಳೆದು, ಗಟ್ಟಿ ಕವಚವುಳ್ಳ ಕೋಶದ ರೂಪದಲ್ಲಿ ಹಿಕ್ಕೆಯೊಡನೆ ಹೊರಬೀಳುತ್ತದೆ. ಹೊರಬಿದ್ದ ಕೂಡಲೇ ಅದು ರೋಗ ತರಲಾರದು. ತೇವ, ಗಾಳಿ ಮತ್ತು 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಿಕ್ಕರೆ ಒಂದೆರಡು ದಿನಗಳಲ್ಲಿ ಹಣ್ಣಾಗಿ ರೋಗ ತರುವ ಶಕ್ತಿ ಪಡೆಯುತ್ತದೆ. ಜುಲೈ ತಿಂಗಳಲ್ಲಿ ಧಾರವಾಡದ ಹಗಲಿನ ಉಷ್ಣತೆ ಸುಮಾರು 27 ಡಿಗ್ರಿ ಎಂಬುದನ್ನು ನೆನೆದರೆ ನಮ್ಮ ಮಳೆಗಾಲ ಈ ಜೀವಿಗೆ ಎಷ್ಟು ಹಿತವೆಂಬುದು ತಿಳಿದೀತು. ಇಂಥ ಕೋಶಗಳನ್ನು ಮರಿ ನುಂಗಿದರೆ ನಾಲ್ಕಾರು ದಿನಗಳಲ್ಲಿ ಕರುಳಿನ ಒಳಪೊರೆ ಒಡೆದು ರಕ್ತ ಬರುತ್ತದೆ. ಒಂದು ಕೋಶದಿಂದ ಸಾವಿರಾರು ಕೋಶಗಳು ಹುಟ್ಟಿ ಮತ್ತೆ ಹಾಸಿಗೆ ಬೀಳುತ್ತವೆ. ಮೂರರಿಂದ ಆರು ವಾರದ ಮರಿಗಳಿಗೆ ಅಪಾಯ ಹೆಚ್ಚು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಫಿನೈಲ್ ಮೊದಲಾದ ಸಾಮಾನ್ಯ ರೋಗನಾಶಕಗಳು ಈ ಕವಚವನ್ನು ಭೇದಿಸಲಾರವು. ಫಿನೈಲ್ ನೀರು ಚಿಮುಕಿಸಿ ಸಮಾಧಾನಪಟ್ಟುಕೊಳ್ಳುವವರು ವಾಸ್ತವವಾಗಿ ಹಾಸಿಗೆ ಇನ್ನಷ್ಟು ತೇವ ಕೊಟ್ಟಂತಾಗುತ್ತದೆ. ಬಿಸಿಲು, ಶಾಖ ಮತ್ತು ಒಣಗುವಿಕೆಯೇ ಇದಕ್ಕೆ ಮದ್ದು. ಎರಡನೆಯದು, ಸ್ವಲ್ಪ ಪ್ರಮಾಣದಲ್ಲಿ ಕೋಶಗಳು ಮರಿಯ ಹೊಟ್ಟೆ ಸೇರಿದರೆ ಅದಕ್ಕೆ ರೋಗ ನಿರೋಧಕ ಶಕ್ತಿ ಬರುತ್ತದೆ. ತಾಯಿಕೋಳಿಯೊಡನೆ ಒಣ ಹಿತ್ತಲಲ್ಲಿ ಕೆದರಿ ಬೆಳೆದ ಜವಾರಿ ಮರಿ ಈ ರೋಗಕ್ಕೆ ಅಷ್ಟಾಗಿ ಬಗ್ಗದಿರುವುದಕ್ಕೆ ಇದೂ ಒಂದು ಕಾರಣ. ಹಾಸನ್ನು ಒಣದಾಗಿಟ್ಟು ಮರಿಗಳು ಒಮ್ಮೆಗೇ ಹೆಚ್ಚು ಕೋಶ ನುಂಗದಂತೆ ನೋಡಿಕೊಂಡರೆ ಸಾಕು, ರೋಗಾಣುವನ್ನು ನಿರ್ಮೂಲ ಮಾಡಲು ಹೊರಡುವುದು ವ್ಯರ್ಥ ಶ್ರಮ.

ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಪಶುವೈದ್ಯರನ್ನು ಕಂಡು, ಅವರು ಹೇಳಿದ ಪ್ರಮಾಣದಲ್ಲಿ ಆಂಪ್ರೋಲಿಯಂ ಪುಡಿಯನ್ನು ಕುಡಿಯುವ ನೀರಿನಲ್ಲಿ ಕೊಡಬೇಕು. ರೋಗದ ಮರಿ ಮೇವು ಬಿಟ್ಟರೂ ನೀರು ಕುಡಿಯುತ್ತದೆ, ಆದ್ದರಿಂದ ಮೇವಿಗಿಂತ ನೀರಿನಲ್ಲಿ ಕೊಡುವುದೇ ಸರಿ. ರಕ್ತ ನಿಂತಿತೆಂದು ಎರಡನೆಯ ದಿನಕ್ಕೇ ನಿಲ್ಲಿಸಬಾರದು. ಮರಿಗಳು ಸೋತಿವೆಯೆಂದು ಜೊತೆಯಲ್ಲೇ ಬಿ-ಕಾಂಪ್ಲೆಕ್ಸ್ ಟಾನಿಕ್ ಹಾಕುವ ವಾಡಿಕೆ ನಮ್ಮಲ್ಲಿ ಬಹಳವಿದೆ. ಆಂಪ್ರೋಲಿಯಂ ಕೆಲಸ ಮಾಡುವುದೇ ಬಿ-1 ಜೀವಸತ್ವವು ಕಾಕ್ಸಿಡಿಯಾಕ್ಕೆ ಸಿಗದಂತೆ ತಡೆಯುವುದರಿಂದ. ಟಾನಿಕ್ ಹಾಕಿದರೆ ಔಷಧಿಯ ಬಲವನ್ನು ನಾವೇ ಕುಗ್ಗಿಸಿದಂತೆ. ಔಷಧಿ ಮುಗಿದ ಮೇಲೆ ಕೊಡಿರಿ.

ಗೂಡು ಮತ್ತು ಹಾಸು

ಗೂಡಿನ ನೆಲವು ಹಿತ್ತಲ ನೆಲಕ್ಕಿಂತ ಕನಿಷ್ಠ ಒಂದು ಅಡಿ ಎತ್ತರವಿರಬೇಕು. ಎರೆಮಣ್ಣಿನ ಊರುಗಳಲ್ಲಿ ಇಷ್ಟು ಸಾಲದು, ಅಲ್ಲಿ ಎರಡು ಅಡಿ ಎತ್ತರದ ಕಂಬಗಳ ಮೇಲೆ ಬಿದಿರು ಅಥವಾ ಕಟ್ಟಿಗೆಯ ಪಟ್ಟಿಗಳ ನೆಲ ಮಾಡಿ ಗೂಡು ಕಟ್ಟುವುದು ಲೇಸು. ಹಿಕ್ಕೆ ಸಂದಿಯಿಂದ ಕೆಳಗೆ ಬೀಳುವುದರಿಂದ ಕೋಳಿ ಅದನ್ನು ತುಳಿಯುವುದಿಲ್ಲ. ಗೂಡಿನ ಸುತ್ತ ಒಂದು ಗೇಣು ಆಳದ ಕಾಲುವೆ ತೆಗೆದು ನೀರನ್ನು ಇಳಿಜಾರಿಗೆ ಹರಿಸಬೇಕು. ನಮ್ಮ ಕಡೆ ಇರಚಲು ಹೊಡೆಯುವುದು ಪಶ್ಚಿಮ ಮತ್ತು ನೈಋತ್ಯ ದಿಕ್ಕಿನಿಂದ. ಆದುದರಿಂದ ಉದ್ದನೆಯ ಗೂಡನ್ನು ಪೂರ್ವ-ಪಶ್ಚಿಮವಾಗಿ ಕಟ್ಟಿ, ಪಶ್ಚಿಮದ ಗೋಡೆಯನ್ನು ಪೂರ್ತಿ ಮುಚ್ಚಿ, ಸೂರನ್ನು ಮೂರು ಅಡಿ ಹೊರಗೆ ಚಾಚಬೇಕು. ಉಳಿದ ಬದಿಗಳಿಗೆ ತಂತಿಬಲೆ ಇರಲಿ. ಮಳೆಗಾಲದಲ್ಲಿ ಬಿಲಗಳಿಗೆ ನೀರು ನುಗ್ಗಿ ಹೆಗ್ಗಣ, ಹಾವುಗಳು ಬೆಚ್ಚಗಿನ ಗೂಡನ್ನೇ ಹುಡುಕಿ ಬರುತ್ತವೆ, ಬಲೆಯ ಕಣ್ಣು ಸಣ್ಣದಿದ್ದಷ್ಟು ಒಳ್ಳೆಯದು.

ಬಲೆಯ ಮೇಲೆ ಗೋಣಿತಟ್ಟು ಅಥವಾ ಹಾಳೆಯ ಪರದೆ ಬಿಡುವಾಗ ಮೇಲ್ಭಾಗದಲ್ಲಿ ಒಂದು ಅಡಿ ತೆರೆದಿರಲೇಬೇಕು. ಬೆಚ್ಚನೆಯ ತೇವದ ಗಾಳಿ, ಅಮೋನಿಯ ಎರಡೂ ಮೇಲೇರಿ ಅಲ್ಲಿಂದ ಹೊರಹೋಗುತ್ತವೆ. ನಾನು ಮುಚ್ಚಿದ್ದು ಆ ಒಂದು ಅಡಿಯನ್ನೇ. ಮಳೆ ನಿಂತ ಪ್ರತಿ ಗಳಿಗೆಯಲ್ಲೂ ಪರದೆ ಎತ್ತಿರಿ. ಪರೀಕ್ಷೆ ಸುಲಭ: ಬೆಳಿಗ್ಗೆ ಗೂಡಿನ ಬಾಗಿಲು ತೆರೆದು ಮರಿಗಳ ಎತ್ತರಕ್ಕೆ ಬಗ್ಗಿ ಉಸಿರೆಳೆದುಕೊಳ್ಳಿ. ನಿಮ್ಮ ಕಣ್ಣು ಉರಿದರೆ ರಾತ್ರಿಯಿಡೀ ಮರಿಗಳು ಏನು ಪಟ್ಟಿವೆಯೆಂಬುದು ತಿಳಿಯುತ್ತದೆ.

ನೆಲದ ಮೇಲೆ ಸಾಕುವುದಾದರೆ ಮರಿಗಳಿಗೆ ಎರಡು ಅಂಗುಲ, ದೊಡ್ಡ ಕೋಳಿಗಳಿಗೆ ನಾಲ್ಕರಿಂದ ಆರು ಅಂಗುಲ ದಪ್ಪ ಹಾಸು ಬೇಕು. ಕಲಘಟಗಿ, ಅಳ್ನಾವರದವರಿಗೆ ಭತ್ತದ ಹೊಟ್ಟು, ಬಯಲುಸೀಮೆಯವರಿಗೆ ಶೇಂಗಾ ಸಿಪ್ಪೆ ಸುಲಭವಾಗಿ ಸಿಗುತ್ತವೆ, ಎರಡೂ ಉತ್ತಮ. ಬೇಸಿಗೆಯಲ್ಲೇ ಚೀಲ ತುಂಬಿ ಅಟ್ಟಕ್ಕೇರಿಸಿ ಇಟ್ಟುಕೊಳ್ಳಬೇಕು, ಜುಲೈನಲ್ಲಿ ತಂದ ಹೊಟ್ಟು ತೇವವಾಗಿಯೇ ಬರುತ್ತದೆ. ಬೂಸು ಹಿಡಿದ ಹೊಟ್ಟಿನ ಧೂಳು ಮರಿಗಳ ಶ್ವಾಸಕೋಶಕ್ಕೆ ಶಿಲೀಂಧ್ರ ತಗುಲಿಸುವುದರಿಂದ ಅಂಥದನ್ನು ಹಾಸುವುದಕ್ಕಿಂತ ಹಾಸದಿರುವುದೇ ಮೇಲು. ದಿನಕ್ಕೊಮ್ಮೆ ಹಾಸನ್ನು ಕೆದರಿ ಮೇಲು ಕೆಳಗೆ ಮಾಡಿರಿ. ಒಂದು ಹಿಡಿ ಹಾಸು ತೆಗೆದುಕೊಂಡು ಮುಷ್ಟಿಯಲ್ಲಿ ಹಿಂಡಿದಾಗ ಉಂಡೆಯಾಗಿ ಹಾಗೆಯೇ ನಿಂತರೆ ತೇವ ಹೆಚ್ಚಾಗಿದೆ. ಕೈ ಬಿಚ್ಚಿದ ಕೂಡಲೇ ಮೆಲ್ಲಗೆ ಉದುರಿದರೆ ಸರಿಯಾಗಿದೆ. ನೀರಿನ ಬಟ್ಟಲಿನ ಸುತ್ತ ಗಟ್ಟಿಯಾದ ಹೆಪ್ಪುಗಳನ್ನು ತೆಗೆದು ಹೊರಹಾಕಿ, ಆ ಜಾಗಕ್ಕೆ ಒಣ ಹೊಟ್ಟು ಹಾಕಬೇಕು. ಅರಳಿದ ಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸಿ ಹಾಸಿನೊಡನೆ ಬೆರೆಸಬಹುದು. ಸುಟ್ಟ ಸುಣ್ಣದ ಹರಳು ಬೇಡ, ಕಾಲು ಸುಡುತ್ತದೆ. ನೀರಿನ ಬಟ್ಟಲನ್ನು ಎರಡು ಇಟ್ಟಿಗೆಗಳ ಮೇಲೆ, ಕೋಳಿಯ ಬೆನ್ನಿನ ಮಟ್ಟಕ್ಕೆ ಇಟ್ಟರೆ ಚೆಲ್ಲುವುದು ಅರ್ಧಕ್ಕರ್ಧ ಕಡಿಮೆಯಾಗುವುದನ್ನು ನೀವೇ ಕಾಣುವಿರಿ.

ಮರಿಗಳಿಗೆ ಕಾವು

ಸಾಧ್ಯವಿದ್ದರೆ ಮಳೆಗಾಲಕ್ಕೆ ಎಳೆಮರಿಗಳೇ ಇರದಂತೆ ಹೊಂದಿಸಿಕೊಳ್ಳುವುದು ಜಾಣತನ. ಕಾವಿಗೆ ಬಂದ ಜವಾರಿ ಕೋಳಿಯ ಕೆಳಗೆ ಹತ್ತು ಹನ್ನೆರಡು ಮೊಟ್ಟೆಗಳನ್ನು ಶಿವರಾತ್ರಿಯ ಆಸುಪಾಸಿಗೆ ಇಟ್ಟರೆ 21 ದಿನಕ್ಕೆ ಮರಿ ಒಡೆದು, ಮೃಗಶಿರ ಮಳೆ ಬರುವಷ್ಟರಲ್ಲಿ ಮೈತುಂಬ ಪುಕ್ಕ ಬಂದಿರುತ್ತದೆ. ಹಳಬರು ಹೀಗೆಯೇ ಮಾಡುತ್ತಿದ್ದರು. ಆದರೆ ಗಿರಿರಾಜ, ಸ್ವರ್ಣಧಾರ, ವನರಾಜ ಮುಂತಾದ ಸುಧಾರಿತ ತಳಿಗಳ ಮರಿಗಳು ಸಿಗುವ ಕಾಲ ನಮ್ಮ ಕೈಯಲ್ಲಿರುವುದಿಲ್ಲ. ಜೂನ್-ಜುಲೈನಲ್ಲಿಯೇ ಸಿಕ್ಕರೆ ಏನು ಮಾಡಬೇಕು?

ಒಂದು ದಿನದ ಮರಿಗೆ ಮೊದಲ ವಾರ 35 ಡಿಗ್ರಿ ಶಾಖ ಬೇಕು, ಮುಂದೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಒಂದೂವರೆ ಅಡಿ ಎತ್ತರದ ರಟ್ಟು ಅಥವಾ ತಗಡನ್ನು ದುಂಡಗೆ ಸುತ್ತಿ, ಮರಿಗೆ ಎರಡು ವ್ಯಾಟಿನ ಲೆಕ್ಕದಲ್ಲಿ, ಅಂದರೆ 30 ಮರಿಗಳಿಗೆ 60 ವ್ಯಾಟಿನ ಒಂದು ಹಳೆಯ ಮಾದರಿಯ ಬಲ್ಬನ್ನು ಇಳಿಬಿಡಬೇಕು. ಎಲ್‌ಇಡಿ ಬಲ್ಬು ಬೆಳಕು ಕೊಟ್ಟೀತೇ ಹೊರತು ಕಾವು ಕೊಡದು. ಉಷ್ಣಮಾಪಕ ಇಲ್ಲದಿದ್ದರೆ ಮರಿಗಳೇ ಉಷ್ಣಮಾಪಕ: ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಎಲ್ಲೆಡೆ ಹರಡಿ ಓಡಾಡಿಕೊಂಡಿದ್ದರೆ ಸರಿ.

ಮಳೆ ಜೋರಾದ ರಾತ್ರಿಯೇ ವಿದ್ಯುತ್ತು ಹೋಗುವುದು ನಮಗೆಲ್ಲ ಗೊತ್ತಿದ್ದದ್ದೇ. ಇಂಥ ಹೊತ್ತಿಗೆ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಶೇಗಡಿ ಇಡುವುದು ಮರಿಗಳಿಗೂ ಮನೆಯವರಿಗೂ ಪ್ರಾಣಾಪಾಯ, ಅದರ ವಿಷಾನಿಲಕ್ಕೆ ವಾಸನೆಯಿಲ್ಲ. ಬಾಟಲಿಗಳಲ್ಲಿ ಬಿಸಿನೀರು ತುಂಬಿ, ಗೋಣಿತಟ್ಟಿನಲ್ಲಿ ಸುತ್ತಿ, ಮರಿಗಳ ನಡುವೆ ಇಟ್ಟು ಮೂರು ನಾಲ್ಕು ತಾಸಿಗೊಮ್ಮೆ ಬದಲಿಸಿದರೆ ರಾತ್ರಿ ಕಳೆಯಬಹುದು. ಐದಾರು ವಾರ ತುಂಬಿ ಪುಕ್ಕ ಬರುವವರೆಗೆ ಮರಿಗಳನ್ನು ಮಳೆಗೆ ಬಿಡಲೇಬಾರದು, ಮರಿಯ ನುಣುಪು ತುಪ್ಪಳ ನೀರನ್ನು ತಡೆಯುವುದಿಲ್ಲ. ನೆನೆದ ಮರಿ ಸಿಕ್ಕರೆ ಬಟ್ಟೆಯಿಂದ ಒರೆಸಿ, ಬುಟ್ಟಿಯಲ್ಲಿಟ್ಟು ಒಲೆಯ ಬದಿಗೆ ಇಡುವ ಹಳೆಯ ಪದ್ಧತಿಗೆ ಹೊಸ ವಿಜ್ಞಾನ ಸೇರಿಸಬೇಕಾದದ್ದು ಏನೂ ಇಲ್ಲ.

ಮೇವಿನಲ್ಲಿ ಅಡಗಿದ ವಿಷ

ತೇವ ಹಿಡಿದ ಗೋವಿನಜೋಳ, ಶೇಂಗಾ ಹಿಂಡಿಗಳಲ್ಲಿ ಬೆಳೆಯುವ ಬೂಸು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಶೇಂಗಾ ಹಿಂಡಿಯಿಂದ ಇದು ಬೆಳಕಿಗೆ ಬಂದಿತು. 1966ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿಯೂ ಇದೇ ಕಾರಣಕ್ಕೆ ಕೋಳಿಮರಿಗಳು ಸತ್ತವು. ತೊಳೆದರೂ ಕುದಿಸಿದರೂ ಈ ವಿಷ ಹೋಗದು. ಬೂಸು ಬಂದ ಕಾಳನ್ನು "ಕೋಳಿಗಾದರೂ ಹಾಕೋಣ" ಎನ್ನುವುದು ನಮ್ಮಲ್ಲಿಯ ದೊಡ್ಡ ತಪ್ಪು. ಎಮ್ಮೆಗೂ ಹಾಕಬಾರದು, ಹೂಳಬೇಕು. ಕಾಳು ಒಣಗಿದೆಯೋ ಇಲ್ಲವೋ ತಿಳಿಯಲು ಒಣ ಬಾಟಲಿಯಲ್ಲಿ ಒಣ ಉಪ್ಪಿನಪುಡಿಯನ್ನೂ ಕಾಳನ್ನೂ ಹಾಕಿ ಅಲ್ಲಾಡಿಸಿರಿ. ಕೆಲವು ನಿಮಿಷಗಳ ನಂತರ ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇಕಡಾ 15ಕ್ಕಿಂತ ಹೆಚ್ಚಿದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟು ಮೇವನ್ನು ಮಾತ್ರ ತಂದು, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಡಬೇಕು.

ಬೇಸಾಯದವನಾಗಿ ಇನ್ನೊಂದು ಮಾತು. ಜೂನ್ ಬಿತ್ತನೆಯ ಕಾಲ. ಬೀಜೋಪಚಾರ ಮಾಡಿದ ಬಣ್ಣದ ಗೋವಿನಜೋಳ, ಸೋಯಾ, ಶೇಂಗಾ ಬೀಜ ಕೂರಿಗೆಯ ಬಟ್ಟಲಲ್ಲಿ, ಚೀಲದ ಮೂಲೆಯಲ್ಲಿ ಉಳಿದಿರುತ್ತದೆ. ಅಂಗಳದಲ್ಲಿ ಚೆಲ್ಲಿದ್ದನ್ನು ಕೋಳಿ ಹೆಕ್ಕಿ ತಿನ್ನುತ್ತದೆ. ಬೆಳಿಗ್ಗೆ ಸತ್ತು ಬಿದ್ದಿದ್ದನ್ನು ನೋಡಿ ರೋಗವೆಂದು ತಿಳಿಯುತ್ತಾರೆ. ಬೀಜೋಪಚಾರವನ್ನು ಹೊಲದಲ್ಲಿಯೇ ಮಾಡಿ ಚೀಲವನ್ನು ಅಲ್ಲಿಯೇ ಕೊಡವಿ ಬರಬೇಕು.

ನೀರಿನ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಹೊಸ ನೀರು ಬಂದ ಬಾವಿಯ ನೀರನ್ನು ಮರಿಗಳಿಗೆ ಕುದಿಸಿ ಆರಿಸಿ ಕೊಡಿರಿ, ತಗ್ಗುಗಳಲ್ಲಿ ನಿಂತ ನೀರನ್ನು ಮುಚ್ಚಿಸಿರಿ. ಸೊಳ್ಳೆಗಳು ಕೋಳಿಸಿಡುಬನ್ನು ಹರಡುವುದೂ ಅಲ್ಲಿಂದಲೇ.

ಲಸಿಕೆ

ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತಕ್ಕೆ, ಔಷಧಿಯಿಲ್ಲ, ಲಸಿಕೆಯೊಂದೇ ದಾರಿ. ಮರಿಗೆ 5ರಿಂದ 7ನೆಯ ದಿನ ಲಸೋಟಾ ಅಥವಾ ಎಫ್ ಲಸಿಕೆಯ ಒಂದು ಹನಿ ಕಣ್ಣಿಗೆ ಅಥವಾ ಮೂಗಿಗೆ, ನಾಲ್ಕನೆಯ ವಾರ ಮತ್ತೆ ಲಸೋಟಾ, ಎಂಟು ವಾರ ತುಂಬಿದ ಮೇಲೆ ಆರ್2ಬಿ ಚುಚ್ಚುಮದ್ದು ಅರ್ಧ ಮಿಲಿಲೀಟರಿನಂತೆ ಹಾಕಿಸಬೇಕು. ಆರರಿಂದ ಎಂಟು ವಾರದೊಳಗೆ ಸಿಡುಬಿನ ಲಸಿಕೆಯೂ ಆಗಲಿ. ದೊಡ್ಡ ಕೋಳಿಗಳಿಗೆ ಮೇ ತಿಂಗಳಲ್ಲೇ ಜಂತುಹುಳುವಿನ ಔಷಧಿ ಕೊಡಿಸಿ, ಒಂದು ವಾರ ಬಿಟ್ಟು ಲಸಿಕೆ ಹಾಕಿಸಿದರೆ ಮಳೆಗಾಲಕ್ಕೆ ಸಿದ್ಧವಾದಂತೆ.

ಹಳ್ಳಿಯಲ್ಲಿ ತೊಡಕಿರುವುದು ಬೇರೆ ಕಡೆ. ಲಸಿಕೆಯ ಶೀಸೆ ನೂರಾರು ಕೋಳಿಗಳಿಗಾಗುವಷ್ಟು ಬರುತ್ತದೆ, ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಯಬೇಕು. ಎಂಟು ಕೋಳಿ ಸಾಕಿದವರೊಬ್ಬರೇ ತರುವುದು ದುಬಾರಿಯೆನಿಸಿ ಬಿಟ್ಟುಬಿಡುತ್ತಾರೆ. ಓಣಿಯ ಹತ್ತು ಮನೆಯವರು ಅಥವಾ ಸ್ತ್ರೀಶಕ್ತಿ ಸಂಘದವರು ಕೂಡಿ ಒಂದು ದಿನ ಗೊತ್ತು ಮಾಡಿ, ಮಂಜುಗಡ್ಡೆಯ ಡಬ್ಬಿಯಲ್ಲಿ ತರಿಸಿ, ಬೆಳಗಿನ ತಂಪಿನಲ್ಲಿ ಮನೆಮನೆಗೆ ಹಾಕಿ ಮುಗಿಸಬಹುದು. ವಿಸ್ತರಣಾ ಕಾರ್ಯಕರ್ತರು ಇದೊಂದನ್ನು ಕೈಗೆತ್ತಿಕೊಂಡರೆ ಹತ್ತು ಭಾಷಣಗಳಿಗಿಂತ ಹೆಚ್ಚು ಕೋಳಿ ಉಳಿದಾವು. ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಹಾಕಬಾರದು. ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಮಾರದೆ, ತಿನ್ನದೆ, ಪಶು ಆಸ್ಪತ್ರೆಗೆ ತಿಳಿಸಬೇಕು. 1962 ಸಂಖ್ಯೆಗೂ ಕರೆ ಮಾಡಬಹುದು.

ಗೊಬ್ಬರ

ಹಾಸಿನ ಕೋಳಿಗೊಬ್ಬರದಲ್ಲಿ ಸುಮಾರು ಶೇಕಡಾ 3ರಷ್ಟು ಸಾರಜನಕ, ತಲಾ 2ರಷ್ಟು ರಂಜಕ ಮತ್ತು ಪೊಟ್ಯಾಷ್ ಇರುತ್ತದೆ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಅರ್ಧ ಶೇಕಡಾ ಆಸುಪಾಸು ಮಾತ್ರ. ಹಾಸು ನೆನೆದಾಗ ಕಣ್ಣಿಗೆ ಹೊಡೆಯುವ ಘಾಟು ಈ ಸಾರಜನಕ ಗಾಳಿಗೆ ಹಾರಿಹೋಗುವ ಘಾಟೇ. ಅಂದರೆ ಒದ್ದೆ ಹಾಸು ಮರಿಯನ್ನೂ ಕೊಲ್ಲುತ್ತದೆ, ಹೊಲದ ಪಾಲನ್ನೂ ಕಳೆಯುತ್ತದೆ. ತೆಗೆದ ಹಾಸನ್ನು ಗೂಡಿನಿಂದ ದೂರ, ಮಳೆ ತಾಗದ ಕಡೆ ಗುಂಪೆ ಹಾಕಿ ಮಣ್ಣು ಮುಚ್ಚಿದರೆ ಒಳಗಿನ ಕಾವಿಗೆ ಕಾಕ್ಸಿಡಿಯಾ ಕೋಶಗಳೂ ಸಾಯುತ್ತವೆ, ಹಿಂಗಾರಿಗೆ ಗೊಬ್ಬರವೂ ಸಿದ್ಧವಾಗುತ್ತದೆ. ಖಾಲಿಯಾದ ಗೂಡಿಗೆ ಸುಣ್ಣ ಬಳಿದು, ಎರಡು ವಾರ ಬಾಗಿಲು ತೆರೆದಿಟ್ಟು ನೆಲ ಚೆನ್ನಾಗಿ ಒಣಗಿದ ನಂತರವೇ ಹೊಸ ಮರಿಗಳನ್ನು ತರಬೇಕು. ನಮ್ಮ ಹಿತ್ತಲಲ್ಲಿ ಉಳಿದ 17ರ ಪೈಕಿ ಹನ್ನೊಂದು ಹೇಂಟೆಗಳಾದವು, ಸಂಕ್ರಾಂತಿಯ ಹೊತ್ತಿಗೆ ಮೊಟ್ಟೆಗೆ ಬಂದವು.