ದೆಹರಾದೂನಿನ ಮಂಜುಗಡ್ಡೆಯೂ ಪಶ್ಚಿಮ ಬೆಂಗಳೂರಿನ ಚಕ್ರಗಳೂ

2025ನೆಯ ಇಸವಿ ಆಗಸ್ಟ್ 20ರಿಂದ 23ರವರೆಗೆ ದೆಹರಾದೂನಿನ ‘ಹಿಮಾದ್ರಿ’ ಅಂಗಣದಲ್ಲಿ ಏಷ್ಯನ್ ಓಪನ್ ಷಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್ ಪಂದ್ಯಾವಳಿಯು ಜರಗಿತು. ಈ ಬಗೆಯ ಅಂತರರಾಷ್ಟ್ರೀಯ ಸ್ಪರ್ಧೆಯು ಭಾರತದಲ್ಲಿ ಏರ್ಪಟ್ಟುದು ಅದೇ ಮೊದಲು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕಡೆ ಸಂಜೆಯ ಹೊತ್ತು ಚಕ್ರದ ಸ್ಕೇಟುಗಳನ್ನು ಕಟ್ಟಿಕೊಂಡು ಸುತ್ತುಹಾಕುವ ಮಕ್ಕಳನ್ನು ಕಾಣುತ್ತಿರುವ ನಮಗೆ ಈ ಸುದ್ದಿಯಿಂದ ಒಂದು ಪ್ರಶ್ನೆ ಹುಟ್ಟಿತು. ಆ ಮಕ್ಕಳಿಗೂ ಮಂಜುಗಡ್ಡೆಯ ಓಟಕ್ಕೂ ನಡುವೆ ಇರುವ ಅಂತರ ಎಂತಹುದು? ಅದು ಮೈಕೌಶಲದ ಅಂತರವೆಂದು ಭಾವಿಸುವುದು ವಾಡಿಕೆ. ಇತಿಹಾಸವನ್ನು ನೋಡಿದರೆ ಅದು ಬಹುಮಟ್ಟಿಗೆ ಶೀತಯಂತ್ರದ ಹಾಗೂ ವಿದ್ಯುಚ್ಛಕ್ತಿಯ ಅಂತರವೆಂದು ತೋರುತ್ತದೆ.

ಮೊದಲು ಆಟದ ಸ್ವರೂಪವನ್ನು ತಿಳಿಯಬೇಕು. 60 ಮೀಟರ್ ಉದ್ದ, 30 ಮೀಟರ್ ಅಗಲದ ಅಂಗಣದಲ್ಲಿ 111.12 ಮೀಟರ್ ಸುತ್ತಳತೆಯ ಅಂಡಾಕಾರದ ಪಥವಿರುತ್ತದೆ. ನಾಲ್ಕಾರು ಮಂದಿ ಒಟ್ಟಿಗೆ ಹೊರಟು ಎಡಕ್ಕೆ ತಿರುಗುತ್ತ ಸುತ್ತುಹಾಕುತ್ತಾರೆ. ಇಲ್ಲಿ ಗಡಿಯಾರಕ್ಕಿಂತ ಗುರಿಮುಟ್ಟುವ ಕ್ರಮವೇ ಮುಖ್ಯ. ಪಥದ ತಿರುವು ಬಹು ಬಿಗಿಯಾದುದು. ಅದರ ತ್ರಿಜ್ಯ ಸುಮಾರು 8 ಮೀಟರ್ ಮಾತ್ರ. ಆದುದರಿಂದ ಉಕ್ಕಿನ ಅಲಗನ್ನು ಬೂಟಿನ ನಡುವಿನಿಂದ ಎಡಕ್ಕೆ ಸರಿಸಿ, ತಿರುವಿನ ದಿಕ್ಕಿಗೆ ತುಸು ಬಾಗಿಸಿ ಜೋಡಿಸಿರುತ್ತಾರೆ. ಓಟಗಾರನು ಎಡಗೈಯ ಬೆರಳುಗಳನ್ನು ಮಂಜುಗಡ್ಡೆಗೆ ತಾಗಿಸುವಷ್ಟು ವಾಲಿ ಸಾಗುತ್ತಾನೆ. ಚಕ್ರದ ಮೇಲೆ ಕಲಿತ ಹುಡುಗನಿಗೆ ಕಾಲಿನ ನೂಕು, ಸಮತೋಲ, ಗುಂಪಿನಲ್ಲಿ ದಾರಿ ಬಿಡಿಸಿಕೊಳ್ಳುವ ಜಾಣ್ಮೆ ಇವು ಬಂದಿರುತ್ತವೆ. ಆದರೆ ಚಕ್ರವು ನೆಲವನ್ನು ಘರ್ಷಣೆಯಿಂದ ಹಿಡಿಯುತ್ತದೆ, ಅಲಗು ಮಂಜುಗಡ್ಡೆಯನ್ನು ಕೊರೆದು ನಿಲ್ಲುತ್ತದೆ. ಆ ವಾಲುವಿಕೆಯನ್ನು ಮಂಜುಗಡ್ಡೆಯ ಮೇಲಲ್ಲದೆ ಬೇರೆಲ್ಲಿಯೂ ಕಲಿಯಲಾಗದು.

ಹಾಗಾದರೆ ಮಂಜುಗಡ್ಡೆ ಎಲ್ಲಿತ್ತು? ನಮ್ಮ ಕರಾವಳಿಯ ನಗರಗಳಿಗೆ ಅದು ಒಂದು ಕಾಲದಲ್ಲಿ ಹಡಗಿನ ಸರಕು. 1833ರಲ್ಲಿ ಬಾಸ್ಟನ್ನಿನಿಂದ ಕಲ್ಕತ್ತೆಗೆ ಮಂಜುಗಡ್ಡೆ ಬಂದಿತು. ಮದರಾಸಿನ ‘ಐಸ್ ಹೌಸ್’ ಆ ವ್ಯಾಪಾರದ ಕುರುಹು. ಸಿಮ್ಲೆಯಲ್ಲಿ 1920ರಲ್ಲಿ ಆರಂಭವಾದ ಸ್ಕೇಟಿಂಗ್ ಅಂಗಣವು ಚಳಿಗಾಲದ ರಾತ್ರಿಯನ್ನೇ ನೆಚ್ಚಿದ್ದಿತು. ಹಿಮಾದ್ರಿ ಅಂಗಣವಾದರೋ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಕಟ್ಟಿದುದು. ಕೂಟ ಮುಗಿದ ಬಳಿಕ, ನಿರ್ವಹಣೆಯ ವೆಚ್ಚ ಭಾರವಾಗಿ, ಹತ್ತು ವರ್ಷಗಳಿಗೂ ಮಿಕ್ಕಿ ಅದು ಮುಚ್ಚಿತ್ತು. ಆ ಅವಧಿಯಲ್ಲಿ ಬೆಳೆದ ಮಕ್ಕಳ ಪಾಲಿಗೆ ಅಂಗಣವಿದ್ದೂ ಇಲ್ಲದಂತಾಯಿತು. ಪದಕಗಳ ಪಟ್ಟಿಗಳು ಇಂತಹ ನಷ್ಟವನ್ನು ದಾಖಲಿಸುವುದಿಲ್ಲ.

ಉಷ್ಣನಾಡಿಗೆ ಈ ಆಟ ಸಲ್ಲದೆಂಬ ವಾದವನ್ನು ನಾವು ಒಪ್ಪಲಾರೆವು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸಿನ 1000 ಮೀಟರ್ ಅಂತಿಮ ಓಟದ ಕೊನೆಯ ತಿರುವಿನಲ್ಲಿ ಮುಂದಿದ್ದ ನಾಲ್ವರೂ ಬೀಳಲು, ಹಿಂದೆ ಬರುತ್ತಿದ್ದ ಆಸ್ಟ್ರೇಲಿಯದ ಸ್ಟೀವನ್ ಬ್ರಾಡ್‌ಬರಿ ಚಿನ್ನ ಗೆದ್ದನು. ಇದನ್ನು ಅದೃಷ್ಟವೆಂದು ನಗುವವರುಂಟು. ಆದರೆ ಆತನು ಅಭ್ಯಾಸ ಮಾಡುತ್ತಿದ್ದ ಬ್ರಿಸ್ಬೇನ್ ನಗರವೇನೂ ಹಿಮದ ಊರಲ್ಲ. ಅಲ್ಲಿ ವರ್ಷವೆಲ್ಲ ತೆರೆದಿರುವ ಕೃತಕ ಅಂಗಣವಿದ್ದಿತು, ಅಷ್ಟೆ.

2024ರಲ್ಲಿ ಲೇಹ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಸ್ಕೇಟಿಂಗ್ ಸ್ಪರ್ಧೆಗಳಲ್ಲಿ ಕರ್ನಾಟಕದವರೂ ಪದಕ ಪಡೆದರು. ಬೆಂಗಳೂರಿನಲ್ಲಿಯೋ ಅಂತರರಾಷ್ಟ್ರೀಯ ಅಳತೆಯ ಮಂಜುಗಡ್ಡೆಯ ಅಂಗಣವಿಲ್ಲ. ಕೆಂಗೇರಿಯ ಬಾಲಿಕೆಯೊಬ್ಬಳು ಆ 8 ಮೀಟರ್ ತಿರುವನ್ನು ಅಭ್ಯಾಸ ಮಾಡಬೇಕಾದರೆ, ರಸ್ತೆಯ ದಾರಿಯಲ್ಲಿ 2,000 ಕಿಲೋಮೀಟರಿಗೂ ಮಿಕ್ಕ ದೂರದ ದೆಹರಾದೂನಿಗೆ ಹೋಗಬೇಕು. ಅಲ್ಲಿಯ ಯಂತ್ರಗಳು ಆ ದಿನ ನಡೆಯುತ್ತಿರಬೇಕು.